ಗಣಿತ ವಿನೋದ

ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣಕ್ಕೆ ಸಮೀಪವಾಗಿ ಮೋರಖಂಡಿ ಎಂಬ ಗ್ರಾಮವಿದೆ. ಮರಾಠಿಯಲ್ಲಿ 'ಮೋರ' ಎಂದರೆ ನವಿಲು. ಸಂಸ್ಕೃತದಲ್ಲಿ ಅದೇ ಮಯೂರ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ತಾಮ್ರಶಾಸನಗಳಲ್ಲಿ ಉಕ್ತವಾಗಿರುವ ಮಯೂರಖಂಡಿಯು ಈ ಊರೇ ಎಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದು ನಾಸಿಕದ ಕಡೆಯ ಒಂದು ಬೆಟ್ಟವೆಂದು ವಾದಿಸುವವರೂ ಉಂಟು. ಈ ವಾದವನ್ನು ಇತ್ಯರ್ಥಪಡಿಸುವುದು ಇತಿಹಾಸಜ್ಞರ ಕೆಲಸ. ಗಣಿತದ ಅಧ್ಯಾಪಕನಾಗಿ 34 ವರ್ಷ ಕಳೆದು, ನಿವೃತ್ತನಾಗಿ ಈ ಪ್ರದೇಶದಲ್ಲಿ ಬಂದು ನೆಲಸಿರುವ ನನಗೆ ಊರಿನ ಹೆಸರಿನಲ್ಲಿರುವ ನವಿಲೊಂದೇ ಸಾಕು. ಏಕೆಂದರೆ ನಮ್ಮ ದೇಶದ ಗಣಿತ ಸಾಹಿತ್ಯದಲ್ಲಿ ಒಂದು ಪ್ರಸಿದ್ಧವಾದ ನವಿಲು ಇದೆ. ಅದು ಭಾಸ್ಕರಾಚಾರ್ಯನ ನವಿಲು.

ಭಾಸ್ಕರನು ಹುಟ್ಟಿದ್ದು 1114ರಲ್ಲಿ. 'ಲೀಲಾವತಿ'ಯನ್ನು ರಚಿಸಿದ್ದು 1150ರಲ್ಲಿ. ಆ ಗ್ರಂಥದಲ್ಲಿ ಬರುವ ಸಮಸ್ಯೆಯೊಂದರ ಸಾರಾಂಶ ಹೀಗಿದೆ. ಒಂಬತ್ತು ಮೊಳ ಎತ್ತರದ ಕಂಬವೊಂದರ ತುದಿಯಲ್ಲಿ ನವಿಲು ಕುಳಿತಿದೆ. ಕಂಬದ ಬುಡದಲ್ಲಿ ಹಾವಿನ ಬಿಲವಿದೆ. ಕಂಬದ ಎತ್ತರದ ಮೂರರಷ್ಟು, ಅಂದರೆ 27 ಮೊಳ ದೂರದಿಂದ ಹಾವು ಬಿಲದ ಕಡೆಗೆ ಬರುತ್ತಿದೆ. ಅದನ್ನು ಕಂಡ ನವಿಲು ಓರೆಯಾಗಿ ಎರಗುತ್ತದೆ. ಎರಡೂ ಸಮಾನ ದೂರವನ್ನು ಕ್ರಮಿಸಿ ಸಂಧಿಸುವುದಾದರೆ, ಬಿಲದಿಂದ ಎಷ್ಟು ಮೊಳ ದೂರದಲ್ಲಿ ಸಂಧಿಸುವುವು?

ಪೈಥಾಗೊರಸನ ಪ್ರಮೇಯವನ್ನು ಬಲ್ಲ ನಿಮಗೆ ಇದು ಕಷ್ಟವಲ್ಲ. ಕಂಬ ಒಂದು ಭುಜ; ಬಿಲದಿಂದ ಸಂಧಿಸುವ ಸ್ಥಳದವರೆಗಿನ ನೆಲ ಇನ್ನೊಂದು ಭುಜ; ನವಿಲಿನ ಹಾದಿಯೇ ಕರ್ಣ. ನವಿಲಿನ ಹಾದಿಯೂ ಹಾವಿನ ಹಾದಿಯೂ ಸಮವಾದ್ದರಿಂದ ಕರ್ಣ ಮತ್ತು ನೆಲದ ಭುಜ ಕೂಡಿದರೆ 27 ಆಗಬೇಕು. ಕರ್ಣದ ವರ್ಗದಿಂದ ನೆಲದ ಭುಜದ ವರ್ಗವನ್ನು ಕಳೆದರೆ ಕಂಬದ ವರ್ಗ, ಎಂದರೆ 81 ಬರಬೇಕು. ಎರಡು ವರ್ಗಗಳ ವ್ಯತ್ಯಾಸವೆಂದರೆ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧವಲ್ಲವೆ? ಮೊತ್ತ 27, ಆದುದರಿಂದ ವ್ಯತ್ಯಾಸ 3. ಕರ್ಣ 15, ನೆಲದ ಭುಜ 12. ಉತ್ತರ 12 ಮೊಳ. ಭಾಸ್ಕರನು ಕೊಟ್ಟ ಸೂತ್ರವೂ ಇದನ್ನೇ ಮಾಡುತ್ತದೆ: ಕಂಬದ ವರ್ಗವನ್ನು ಹಾವಿನ ದೂರದಿಂದ ಭಾಗಿಸು, ಬಂದದ್ದನ್ನು ಆ ದೂರದಿಂದ ಕಳೆ, ಉಳಿದದ್ದನ್ನು ಅರ್ಧಮಾಡು.

ಈ ಲೆಕ್ಕವನ್ನು ನಾನು ಎಷ್ಟು ತರಗತಿಗಳಲ್ಲಿ ಕರಿಹಲಗೆಯ ಮೇಲೆ ಬರೆದಿರುವೆನೋ ಎಣಿಸಿಲ್ಲ. ಬಹುತೇಕ ತರಗತಿಗಳಲ್ಲಿ ಉತ್ತರ ಬಂದೊಡನೆ ಪುಸ್ತಕಗಳು ಮುಚ್ಚಿಕೊಳ್ಳುತ್ತಿದ್ದವು. ಒಮ್ಮೆ ಮಾತ್ರ ಹುಡುಗನೊಬ್ಬ ಎದ್ದು ನಿಂತು, "ಸರ್, ನವಿಲು ಹಾವಿನಷ್ಟೇ ಮೆಲ್ಲಗೆ ಹಾರುತ್ತದೇನ್ರಿ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಅಂದಿನ ಪಾಠ ನಿಜವಾಗಿ ಆರಂಭವಾದದ್ದು ಆ ಪ್ರಶ್ನೆಯಿಂದಲೇ. ನವಿಲಿನ ವೇಗ ಹಾವಿನ ವೇಗದ ಎರಡರಷ್ಟಿದ್ದರೆ ಏನಾಗುವುದು? ಹಾವು ಕ್ರಮಿಸುವ ದೂರಕ್ಕೆ ಎರಡರಷ್ಟು ದೂರವನ್ನು ನವಿಲು ಕ್ರಮಿಸಬೇಕು. ಬರೆದು ನೋಡಿದರೆ, ನೀವು ಮುಂದಿನ ತರಗತಿಯಲ್ಲಿ ಕಲಿಯಲಿರುವ ವರ್ಗಸಮೀಕರಣವೊಂದು ಎದುರಾಗುತ್ತದೆ. ಅಂದವಾದ 12 ಮಾಯವಾಗಿ, 17 ಮೊಳಕ್ಕಿಂತ ತುಸು ಹೆಚ್ಚಾದ, ದಶಮಾಂಶದಲ್ಲಿ ಎಂದೂ ಮುಗಿಯದ ಸಂಖ್ಯೆಯೊಂದು ಬರುತ್ತದೆ. ಭಾಸ್ಕರನು ಸಮವೇಗವನ್ನೇ ಏಕೆ ಆರಿಸಿಕೊಂಡನೆಂಬುದು ಆಗ ಹುಡುಗರಿಗೆ ತಾನಾಗಿಯೇ ಹೊಳೆಯಿತು. ಇಷ್ಟಕ್ಕೂ ಆ ನವಿಲು ತಾನು ಎಲ್ಲಿಗೆ ಗುರಿಯಿಡಬೇಕೆಂಬುದನ್ನು ಹಾರುವ ಮೊದಲೇ ಹೇಗೆ ತಿಳಿಯಿತೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾಣಿಶಾಸ್ತ್ರದವರನ್ನು ಕೇಳಿರೆಂದು ಕಳುಹಿಸಿದೆ.

ಇಂತಹ ಲೆಕ್ಕಗಳನ್ನು ವಿನೋದಗಣಿತವೆಂದು ಕರೆಯುವುದು ವಾಡಿಕೆ. ವಿನೋದವೆಂದರೆ ಹಗುರವಾದದ್ದು, ಬಿಡುವಿನ ವೇಳೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ಹಿರಿಯರು ಹಾಗೆ ಭಾವಿಸಿದಂತೆ ತೋರುವುದಿಲ್ಲ. ಮೋರಖಂಡಿಯ ನೆರೆಯ ಈ ಕಲ್ಯಾಣವೇ ಚಾಲುಕ್ಯರ ರಾಜಧಾನಿಯಾಗಿದ್ದಾಗ, ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ರಚಿಸಿದನು. ಅದರ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ವಿನೋದಗಳಿಗೆ, ಮತ್ತಿಪ್ಪತ್ತು ಕ್ರೀಡೆಗಳಿಗೆ ಮೀಸಲು. ಒಗಟು, ಚದುರಂಗ, ಪಗಡೆ, ಕವಡೆಯಾಟ ಎಲ್ಲವೂ ಅಲ್ಲಿವೆ. ರಾಜ್ಯಭಾರದ ವಿಚಾರವನ್ನು ಬರೆದ ಕೈಯೇ ಒಗಟಿನ ವಿಚಾರವನ್ನೂ ಬರೆಯಿತು.

ಗಣಿತಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯೊಂದುಂಟು. ಮೂರನೆಯ ಗೋವಿಂದನ ಮಗ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದನು. ಅವನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿ, ಆರಂಭದಲ್ಲಿ ನೃಪತುಂಗನನ್ನು ಸ್ತುತಿಸಿದ್ದಾನೆ. ಸಂಗೀತ, ನಾಟಕ, ಅಡಿಗೆ, ವೈದ್ಯ, ವಾಸ್ತು, ಛಂದಸ್ಸು ಇವೆಲ್ಲಕ್ಕೂ ಗಣಿತ ಬೇಕೆಂದು ಆತ ಹೇಳುತ್ತಾನೆ. ಈ ಗ್ರಂಥವನ್ನು ರಂಗಾಚಾರ್ಯರು ಇಂಗ್ಲಿಷಿಗೆ ಅನುವಾದಿಸಿದ್ದು 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಕನ್ನಡ ನೆಲದ ಈ ಕೃತಿಯನ್ನು ಕನ್ನಡಿಗರ ಕೈಗಿತ್ತವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮನವರು. ಅವರ ಅನುವಾದ ಹೊಂಬುಜದಿಂದ 2000ದಲ್ಲಿ ಪ್ರಕಟವಾಯಿತು.

ಮಹಾವೀರನಿಗೆ ಸಂಖ್ಯೆಗಳ ಸೊಗಸಿನಲ್ಲಿ ಬಹಳ ಪ್ರೀತಿ. ಗುಣಾಕಾರವನ್ನು ಕಲಿಸುವಾಗ, ಗುಣಲಬ್ಧವು ಕಂಠಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಲೆಕ್ಕಗಳನ್ನು ಹುಡುಕಿ ಕೊಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿ ನೋಡಿರಿ, 1000000001 ಬರುತ್ತದೆ. ಎರಡು ತುದಿಗಳಲ್ಲಿ ಎರಡು ರತ್ನಗಳು, ನಡುವೆಲ್ಲ ಮುತ್ತುಗಳು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321. ಮಗ್ಗಿಯನ್ನು ಉರುಹಚ್ಚಲು ಬೇಸರಪಡುವ ಹುಡುಗನು ಈ ಮೂರನೆಯ ಲೆಕ್ಕವನ್ನು ಯಾರ ಬಲವಂತವೂ ಇಲ್ಲದೆ ಎರಡು ಸಲ ಮಾಡುವನು. ಮೊದಲನೆಯ ಸಲ ತಪ್ಪಾದದ್ದು ಅವನಿಗೆ ತಾನಾಗಿ ತಿಳಿಯುತ್ತದೆ, ಹಾರ ಎಲ್ಲೋ ಕಡಿದಿರುತ್ತದೆ. ಅಧ್ಯಾಪಕರು ಕೆಂಪುಶಾಯಿಯಿಂದ ತಿದ್ದಬೇಕಾಗಿಯೇ ಇಲ್ಲ.

ಅದೇ ಗ್ರಂಥದ ಮಾವಿನ ಹಣ್ಣಿನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಒಂದು ರಾಶಿ ಮಾವಿನ ಹಣ್ಣುಗಳಲ್ಲಿ ದೊರೆಯು ಆರನೆಯ ಒಂದು ಭಾಗವನ್ನು ತೆಗೆದುಕೊಂಡನು. ಉಳಿದುದರಲ್ಲಿ ರಾಣಿಯು ಐದನೆಯ ಒಂದು ಭಾಗವನ್ನು ತೆಗೆದುಕೊಂಡಳು. ಮೂವರು ರಾಜಕುಮಾರರು ಕ್ರಮವಾಗಿ ಉಳಿದುದರ ಕಾಲು ಭಾಗ, ಮೂರನೆಯ ಒಂದು ಭಾಗ, ಅರ್ಧ ಭಾಗಗಳನ್ನು ತೆಗೆದುಕೊಂಡರು. ಕಡೆಗೆ ಉಳಿದ ಮೂರು ಹಣ್ಣುಗಳು ಎಲ್ಲರಿಗಿಂತ ಕಿರಿಯ ಮಗುವಿಗೆ ಸಿಕ್ಕಿದವು. ಹಣ್ಣುಗಳೆಷ್ಟು?

ನನ್ನ ವಿದ್ಯಾರ್ಥಿಗಳಲ್ಲಿ ಜಾಣರೆನಿಸಿಕೊಂಡವರು ಹಣ್ಣುಗಳ ಸಂಖ್ಯೆಗೆ ಒಂದು ಅಕ್ಷರವನ್ನಿಟ್ಟು, ಭಿನ್ನರಾಶಿಗಳನ್ನು ಪುಟದುದ್ದಕ್ಕೂ ಬೆಳೆಸುತ್ತಿದ್ದರು. ಇನ್ನು ಕೆಲವರು ಕೊನೆಯಿಂದ ಹಿಂದಕ್ಕೆ ನಡೆಯುತ್ತಿದ್ದರು: ಮೂರು ಉಳಿಯಬೇಕಾದರೆ ಅದಕ್ಕೆ ಮೊದಲು ಆರು, ಅದಕ್ಕೆ ಮೊದಲು ಒಂಬತ್ತು, ಹೀಗೆ. ಇದು ಒಳ್ಳೆಯ ಹಾದಿಯೇ. ಒಂದು ವರ್ಷ, ಪರೀಕ್ಷೆಗಳಲ್ಲಿ ಎಂದೂ ಮುಂದೆ ಬಾರದ, ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬಳಪವನ್ನೇ ಮುಟ್ಟದೆ, "ಆರು ಮಂದಿ ಸಮನಾಗಿ ಹಂಚಿಕೊಂಡಾರಲ್ರಿ ಸರ್, ಕೂಸಿಗೆ ಮೂರು ಬಂದರೆ ಎಲ್ಲರಿಗೂ ಮೂರೇ. ಹದಿನೆಂಟು" ಎಂದಳು. ಎಷ್ಟು ಸರಿ! ಆರು ಪಾಲುಗಳಲ್ಲಿ ದೊರೆ ಆರನೆಯ ಒಂದು ಭಾಗ ತೆಗೆದರೆ ಒಂದು ಪಾಲು. ಉಳಿದ ಐದರಲ್ಲಿ ರಾಣಿ ಐದನೆಯ ಒಂದು ಭಾಗ ತೆಗೆದರೆ ಅದೂ ಒಂದೇ ಪಾಲು. ಮೇಲುನೋಟಕ್ಕೆ ಅರಮನೆಯ ದರ್ಜೆಗನುಗುಣವಾಗಿ ಬೇರೆ ಬೇರೆ ಭಾಗಗಳು. ಒಳಗೆ ನೋಡಿದರೆ ಸಂಪೂರ್ಣ ಸಮಾನತೆ. ಸಮೀಕರಣ ಬರೆದವರಿಗೆ ಉತ್ತರ ಸಿಕ್ಕಿತು, ಈ ಗುಟ್ಟು ಸಿಗಲಿಲ್ಲ. ಅವಳು ಆ ವರ್ಷದ ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನೇನೂ ಪಡೆಯಲಿಲ್ಲ. ಅಂಕಪಟ್ಟಿಯಲ್ಲಿ ಈ ಬಗೆಯ ಬುದ್ಧಿಗೆ ಒಂದು ಕಾಲಮು ಇಲ್ಲವಲ್ಲ ಎಂದು ನಾನು ಆಗ ವ್ಯಥೆಪಟ್ಟದ್ದುಂಟು.

ನಮ್ಮ ಊರುಗಳ ಜನರಿಗೂ ಇಂತಹ ಲೆಕ್ಕಗಳು ಅಪರಿಚಿತವಲ್ಲ. ಮಣ, ಸೇರುಗಳ ಕಾಲದಲ್ಲಿ ಒಂದು ಮಣಕ್ಕೆ ನಲವತ್ತು ಸೇರು. ಒಂದು ಮಣ ತೂಗುವ ಕಲ್ಲು ಕೈಜಾರಿ ಬಿದ್ದು ನಾಲ್ಕು ಚೂರಾಯಿತಂತೆ. ವ್ಯಾಪಾರಿ ದುಃಖಿಸುವುದಕ್ಕೆ ಬದಲು ಹಿಗ್ಗಿದನಂತೆ; ಆ ನಾಲ್ಕು ಚೂರುಗಳಿಂದ ಒಂದು ಸೇರಿನಿಂದ ನಲವತ್ತು ಸೇರಿನವರೆಗೆ ಯಾವ ತೂಕವನ್ನಾದರೂ ತೂಗಬಹುದಾಗಿತ್ತು! ಚೂರುಗಳು ಎಷ್ಟೆಷ್ಟು ಸೇರಿನವು? ಒಂದು, ಮೂರು, ಒಂಬತ್ತು, ಇಪ್ಪತ್ತೇಳು. ಐದು ಸೇರು ಬೇಕಾದರೆ ಒಂಬತ್ತರ ಕಲ್ಲನ್ನು ಒಂದು ತಟ್ಟೆಯಲ್ಲಿಟ್ಟು, ಮೂರು ಮತ್ತು ಒಂದರ ಕಲ್ಲುಗಳನ್ನು ಧಾನ್ಯದ ತಟ್ಟೆಯಲ್ಲಿಡಬೇಕು. ಫ್ರಾನ್ಸಿನ ಬಾಷೆ ಎಂಬಾತನು 1612ರಲ್ಲಿ ಪ್ರಕಟಿಸಿದ ವಿನೋದಗಣಿತದ ಪುಸ್ತಕದಲ್ಲಿಯೂ ಈ ಲೆಕ್ಕವಿದೆ. ತಕ್ಕಡಿ ಇರುವೆಡೆಗೆಲ್ಲ ಈ ಕಥೆ ನಡೆದುಹೋಗಿದೆ.

ಆದರೆ ಇದರ ವಿರುದ್ಧ ಒಬ್ಬ ದೊಡ್ಡ ಗಣಿತಜ್ಞನ ಮಾತಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ನಮ್ಮ ರಾಮಾನುಜನ್ ಅವರನ್ನು ಜಗತ್ತಿಗೆ ಪರಿಚಯಿಸಿದ ಜಿ. ಎಚ್. ಹಾರ್ಡಿಯವರು 1940ರಲ್ಲಿ ಒಬ್ಬ ಗಣಿತಜ್ಞನ ಸಮರ್ಥನೆಯೆಂಬಂತೆ ಒಂದು ಚಿಕ್ಕ ಪುಸ್ತಕವನ್ನು ಬರೆದರು. ತಿರುವಿ ಬರೆದ ಸಂಖ್ಯೆಯ ಪೂರ್ಣ ಅಪವರ್ತ್ಯವಾಗಿರುವ ನಾಲ್ಕಂಕಿಯ ಸಂಖ್ಯೆಗಳು ಎರಡೇ: 8712 ಎಂದರೆ 2178ರ ನಾಲ್ಕರಷ್ಟು, 9801 ಎಂದರೆ 1089ರ ಒಂಬತ್ತರಷ್ಟು. ಇಂತಹ ಸಂಗತಿಗಳು ಪತ್ರಿಕೆಗಳ ಒಗಟಿನ ಅಂಕಣಗಳಿಗೆ ಯೋಗ್ಯವೇ ಹೊರತು ಗಣಿತಜ್ಞನ ಮನಸ್ಸನ್ನು ಸೆಳೆಯತಕ್ಕವಲ್ಲ ಎಂಬುದು ಅವರ ತೀರ್ಪು. ಗಣಿತವು ತರುಣರ ವಿದ್ಯೆ ಎಂದೂ ಅವರು ಬರೆದರು. ಆಗ ಅವರಿಗೆ ಅರವತ್ತು ದಾಟಿತ್ತು. ಪುಸ್ತಕದಲ್ಲಿ ಒಂದು ಬಗೆಯ ವಿಷಾದ ತುಂಬಿದೆ.

ಹಾರ್ಡಿಯವರ ಮಾತಿನ ಮೊದಲ ಭಾಗ ನಿಜವೇ. ಒಂದು ಚಮತ್ಕಾರವನ್ನು ತೋರಿಸಿ ಅಲ್ಲಿಗೇ ಬಿಟ್ಟರೆ ಅದು ಜಾತ್ರೆಯ ಗಾರುಡಿಯ ವಿದ್ಯೆಯಾಗುತ್ತದೆ. ಆದರೆ ಅಲ್ಲಿಗೇ ಬಿಡಬೇಕೆಂದು ವಿಧಿಸಿದವರು ಯಾರು? ನೆರೆಯ ಮಹಾರಾಷ್ಟ್ರದಲ್ಲಿ, ನಾಸಿಕದ ಬಳಿಯ ದೇವಳಾಲಿಯಲ್ಲಿ, ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಶಾಲಾ ಶಿಕ್ಷಕರಿದ್ದರು. ಹುಟ್ಟಿದ್ದು 1905ರಲ್ಲಿ. ಅವರು 1949ರಲ್ಲಿ ಕಂಡ ವಿಚಿತ್ರ ಇದು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೊಂದು ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿರಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯಿರಿ. ಬಂದ ಸಂಖ್ಯೆಗೆ ಮತ್ತೆ ಹಾಗೆಯೇ ಮಾಡಿರಿ. ಅವರು ಹುಟ್ಟಿದ ವರ್ಷವನ್ನೇ ತೆಗೆದುಕೊಳ್ಳೋಣ:

9510 − 0159 = 9351
9531 − 1359 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಇನ್ನು ಮುಂದೆ ಎಷ್ಟು ಸಲ ಕಳೆದರೂ 6174 ಬಿಟ್ಟು ಕದಲುವುದಿಲ್ಲ. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬಂದು ಸೇರುತ್ತೇವೆ. ತಾವು ಹುಟ್ಟಿದ ವರ್ಷಕ್ಕೆ ಏಳೂ ಹೆಜ್ಜೆಗಳು ಬೇಕಾದುದನ್ನು ಕಂಡು ಕಾಪ್ರೇಕರ್ ಅವರು ನಕ್ಕಿರಬಹುದು.

ಏಕೆ ಹೀಗೆ? ಈ ಪ್ರಶ್ನೆಯಲ್ಲಿಯೇ ಆಟವು ಗಣಿತವಾಗುತ್ತದೆ. ನಾಲ್ಕಂಕಿಯ ಸಂಖ್ಯೆಗಳು ಸಾವಿರಾರು ಇವೆ. ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯವೆಂದು ತೋರುತ್ತದೆ. ಆದರೆ ಕಳೆಯುವಿಕೆಯನ್ನು ಸೂಕ್ಷ್ಮವಾಗಿ ನೋಡಿರಿ. ದೊಡ್ಡ ಅಂಕಿ ಸಾವಿರದ ಸ್ಥಾನದಿಂದ ಬಿಡಿಯ ಸ್ಥಾನಕ್ಕೂ, ಸಣ್ಣ ಅಂಕಿ ಬಿಡಿಯಿಂದ ಸಾವಿರಕ್ಕೂ ಹೋಗುವುದರಿಂದ, ಅವೆರಡರ ವ್ಯತ್ಯಾಸವನ್ನು 999ರಿಂದ ಗುಣಿಸಬೇಕು. ನಡುವಿನ ಎರಡು ಅಂಕಿಗಳ ವ್ಯತ್ಯಾಸವನ್ನು 90ರಿಂದ ಗುಣಿಸಬೇಕು. ಎರಡನ್ನೂ ಕೂಡಿದರೆ ಉತ್ತರ. ಅಂದರೆ ಸಂಖ್ಯೆ ಯಾವುದೆಂಬುದು ಮುಖ್ಯವೇ ಅಲ್ಲ, ಎರಡು ವ್ಯತ್ಯಾಸಗಳಷ್ಟೇ ಮುಖ್ಯ. ಮೊದಲನೆಯ ವ್ಯತ್ಯಾಸ 1ರಿಂದ 9ರವರೆಗೆ ಇರಬಲ್ಲುದು. ಎರಡನೆಯದು ಸೊನ್ನೆಯಿಂದ ಹಿಡಿದು ಮೊದಲನೆಯದನ್ನು ಮೀರದಂತೆ ಇರಬಲ್ಲುದು. ಎಣಿಸಿದರೆ ಇಂತಹ ಜೋಡಿಗಳು 54 ಮಾತ್ರ. ಸಾವಿರಾರು ಸಂಖ್ಯೆಗಳು ಒಂದೇ ಹೆಜ್ಜೆಗೆ 54 ಸಂಖ್ಯೆಗಳಾಗಿ ಕುಗ್ಗಿದವು! ಅವಷ್ಟನ್ನೂ ಪರೀಕ್ಷಿಸಲು ನಾಲ್ಕಾರು ಗೆಳೆಯರಿಗೆ ಒಂದು ಸಂಜೆ ಸಾಕು. ಪರೀಕ್ಷಿಸಿದ ಮೇಲೆ ಅದು ಗಾರುಡಿಯಾಗಿ ಉಳಿಯುವುದಿಲ್ಲ, ಸಾಧನೆಯಾಗುತ್ತದೆ.

ಕಾಪ್ರೇಕರ್ ಅವರು 1962ರಲ್ಲಿ ಶಾಲೆಯಿಂದ ನಿವೃತ್ತರಾದರು. ಪಿಂಚಣಿ ಸಾಲದೆ ಮನೆಪಾಠ ಹೇಳಬೇಕಾಯಿತು. ಸಂಖ್ಯೆಗಳ ಕೆಲಸವನ್ನು ಮಾತ್ರ ಬಿಡಲಿಲ್ಲ. ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರು ತಮ್ಮ ಪ್ರಸಿದ್ಧ ಅಂಕಣದಲ್ಲಿ 1975ರಲ್ಲಿ ಅವರ ವಿಷಯವನ್ನು ಬರೆದಾಗ ಹೊರಜಗತ್ತು ಅವರನ್ನು ಅರಿಯಿತು. ಅವರು ತೀರಿಕೊಂಡದ್ದು 1986ರಲ್ಲಿ. ಗಣಿತವು ತರುಣರದ್ದೆಂಬ ಮಾತಿಗೆ ಇವರ ಬಾಳೇ ಒಂದು ಉತ್ತರವೆಂದು ನನಗೆ ತೋರುತ್ತದೆ. ಹಾರ್ಡಿಯವರು ಒಪ್ಪುತ್ತಿದ್ದರೋ ಇಲ್ಲವೋ ಬೇರೆ ಮಾತು.

ನಿವೃತ್ತಿಯ ವಿಷಯ ಬಂದಾಗಲೆಲ್ಲ ನನಗೆ ಅಮೋಘವರ್ಷನ ನೆನಪಾಗುತ್ತದೆ. ಅವನದೆಂದು ಹೇಳಲಾಗುವ 'ಪ್ರಶ್ನೋತ್ತರ ರತ್ನಮಾಲಿಕೆ'ಯು, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅರಸನ ಕೃತಿಯೆಂದು ಕೊನೆಯಲ್ಲಿ ತಿಳಿಸುತ್ತದೆ. ಸಿಂಹಾಸನವನ್ನು ಬಿಟ್ಟವನು ಕೈಗೆತ್ತಿಕೊಂಡದ್ದು ಪ್ರಶ್ನೆ ಮತ್ತು ಉತ್ತರಗಳನ್ನು! ನಮ್ಮಂತಹವರು ಬಿಡುವುದು ಸಿಂಹಾಸನವನ್ನಲ್ಲ, ಕಾಲೇಜಿನ ಗಂಟೆಯನ್ನು. ಪಾಠದ ಅವಧಿ ಐವತ್ತು ನಿಮಿಷವೆಂಬ ನಿಯಮ ದೇಹಕ್ಕೆ ಎಷ್ಟು ಅಂಟಿಕೊಂಡಿರುತ್ತದೆಂದರೆ, ನಿವೃತ್ತಿಯ ಮೊದಲ ತಿಂಗಳುಗಳಲ್ಲಿ ಮನೆಗೆ ಬಂದವರೊಡನೆ ಮಾತನಾಡುತ್ತಿರುವಾಗಲೂ ಐವತ್ತು ನಿಮಿಷಕ್ಕೆ ಸರಿಯಾಗಿ ನನ್ನ ಮಾತು ನಿಲ್ಲುತ್ತಿತ್ತು.

ಈಗ ಸಂಜೆ ನಮ್ಮ ಮನೆಯ ಕಟ್ಟೆಗೆ ಏಳೆಂಟು ಮಕ್ಕಳು ಬರುತ್ತಾರೆ. ಶುಲ್ಕವಿಲ್ಲ, ಪಠ್ಯಕ್ರಮವಿಲ್ಲ, ಹಾಜರಿ ಪುಸ್ತಕವೂ ಇಲ್ಲ. ಕಾಲೇಜಿನಲ್ಲಿ ಹೊಸದೇನನ್ನು ಹೇಳಹೊರಟರೂ, "ಇದು ಪರೀಕ್ಷೆಗೆ ಬರುತ್ತದೆಯೇ ಸರ್?" ಎಂಬ ಪ್ರಶ್ನೆ ಎದುರಾಗುತ್ತಿತ್ತು. ಇಲ್ಲಿ ಪರೀಕ್ಷೆಯೇ ಇಲ್ಲ. ಬೇಸರವಾದವನು ಎದ್ದು ಆಡಲು ಹೋಗಬಹುದು, ಕೆಲವರು ಹೋಗುತ್ತಾರೆ. ಕುಳಿತವರು ಕೇವಲ ಲೆಕ್ಕದ ಆಸೆಗಾಗಿ ಕುಳಿತವರು. ಮೂವತ್ತನಾಲ್ಕು ವರ್ಷಗಳಲ್ಲಿ ನನಗೆ ಇಂತಹ ತರಗತಿ ದೊರೆತಿರಲಿಲ್ಲ.

ಒಂದು ದಿನ ಒಬ್ಬ ಹುಡುಗನ ತಂದೆ ಬಂದರು. ಒಕ್ಕಲುತನದವರು, ತೊಗರಿ, ಜೋಳ ಬೆಳೆಯುವವರು. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಗೌರವದಿಂದಲೇ, "ಮಾಸ್ತರರೆ, ಇದರಿಂದ ನಮ್ಮ ಹುಡುಗನಿಗೆ ನಾಲ್ಕು ಅಂಕ ಹೆಚ್ಚಿಗೆ ಬರ್ತಾವೇನ್ರಿ? ಹೊಲದ ಮೇಲೆ ಇನ್ನು ಭರವಸೆ ಇಲ್ಲ, ಅವನು ಓದಿಯೇ ಬದುಕಬೇಕು" ಎಂದರು. ಈ ಮಾತನ್ನು ಲಘುವಾಗಿ ತೆಗೆದುಕೊಳ್ಳುವ ಹಕ್ಕು ನನಗಿರಲಿಲ್ಲ. ಪಿಂಚಣಿ ಪಡೆಯುವವನಿಗೆ ಆಟ ಸುಲಭ. ಬರುತ್ತವೆಂದು ನಾನು ಮಾತುಕೊಡಲಾರೆ, ಆದರೆ ಲೆಕ್ಕಕ್ಕೆ ಅವನು ಹೆದರುವುದಿಲ್ಲವೆಂದು ಹೇಳಬಲ್ಲೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಮಸ್ಕರಿಸಿ ಹೋದರು. ಮರುವಾರದಿಂದ ಹುಡುಗನನ್ನು ಬಸವಕಲ್ಯಾಣದ ಮನೆಪಾಠಕ್ಕೆ ಹಚ್ಚಿದರು. ಅವರ ಸ್ಥಾನದಲ್ಲಿ ನಾನಿದ್ದರೆ ಬಹುಶಃ ಹಾಗೆಯೇ ಮಾಡುತ್ತಿದ್ದೆ.

ಹುಡುಗ ಈಗ ಭಾನುವಾರಗಳಲ್ಲಿ ಮಾತ್ರ ಬರುತ್ತಾನೆ. ಮೂರಂಕಿಯ ಸಂಖ್ಯೆಗಳಿಗೆ ಇದೇ ಆಟವಾಡಿದರೆ 495ಕ್ಕೆ ಬಂದು ನಿಲ್ಲುವುದೆಂದು ಅವನೇ ಕಂಡುಕೊಂಡಿದ್ದ. ಹಾಗಾದರೆ ಐದಂಕಿಗೆ ಯಾವುದೆಂದು ಕೇಳಿದ. ಮಾಡಿ ನೋಡೆಂದೆ. ಕಳೆದ ಭಾನುವಾರ ನೋಟುಪುಸ್ತಕದ ನಾಲ್ಕು ಪುಟಗಳನ್ನು ತುಂಬಿಸಿಕೊಂಡು ಬಂದು, "ಎಲ್ಲಿಯೂ ನಿಲ್ಲವಲ್ದು ಸರ್" ಎಂದು ಮುಂದಿಟ್ಟ. ಕೊನೆಯ ಎರಡು ಪುಟಗಳಲ್ಲಿ 53955 ಆದ ಮೇಲೆ 59994, ಅದಾದ ಮೇಲೆ ಮತ್ತೆ 53955, ಹೀಗೆಯೇ ಸಾಲುಗಳು ಇಳಿದಿದ್ದವು. ನಾನು ಏನನ್ನೂ ಹೇಳದೆ ಆ ಪುಟಗಳನ್ನು ಅವನ ಕಡೆಗೇ ತಿರುಗಿಸಿ ಇಟ್ಟೆ. ಅವನು ಬೆರಳಿಟ್ಟುಕೊಂಡು ಮೇಲಿನಿಂದ ಒಂದೊಂದೇ ಸಾಲನ್ನು ಓದತೊಡಗಿದ.